ಗೇರ್‌ಬಾಕ್ಸ್ ಹೌಸಿಂಗ್ ಒಡೆದಿದೆ: ವೆಲ್ಡ್ ಮಾಡಿಸಲಾ, ಬೇರೆ ಹಾಕಿಸಲಾ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಒಂದು ಕಾರಿದೆ. ಅಪ್ಪ ಓಡಿಸುತ್ತಿದ್ದದ್ದು. ರಿಯರ್ ವೀಲ್ ಡ್ರೈವ್, ನಾಲ್ಕು ಗೇರು. ಗೇರ್‌ಬಾಕ್ಸಿನ ಹೌಸಿಂಗ್ (ಹೊರಕವಚ) ಅಲ್ಯೂಮಿನಿಯಂನದು, ಕ್ಲಚ್ ಮುಚ್ಚಿಕೊಂಡು ಎಂಜಿನ್‌ಗೆ ಬೋಲ್ಟ್ ಆಗುವ ಬೆಲ್ ಹೌಸಿಂಗ್ ಸೇರಿ ಒಂದೇ ಎರಕ. ವರ್ಷದ ಹಿಂದೆ ಕ್ಲಚ್ ಪ್ಲೇಟ್ ಬದಲಿಸಿದ್ದೆ. ಆಮೇಲೆ ಕೆಲವು ತಿಂಗಳು ಗೊರಗೊರ ಸದ್ದು ಬರುತ್ತಿತ್ತು. ಟಾಪ್ ಗೇರಿನಲ್ಲಿ ಮಾತ್ರ ಸದ್ದಿರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹೋದ ತಿಂಗಳು ಏರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿದಾಗ ದೊಡ್ಡದಾಗಿ ಟಕ್ ಅಂತು. ಇಳಿದು ನೋಡಿದರೆ ಆಯಿಲ್ ಸುರಿಯುತ್ತಿದೆ. ಬಿಚ್ಚಿಸಿದಾಗ ಮುಂದಿನ ಬೇರಿಂಗ್ ಕೂರುವ ತೂತಿನಿಂದ ಕೆಳಕ್ಕೆ ಸುಮಾರು 8 ಸೆಂ.ಮೀ. ಬಿರುಕು ಕಂಡಿತು. ಎಂಜಿನ್‌ಗೆ ಬೋಲ್ಟ್ ಆಗುವ ಒಂದು ಕಿವಿಯೂ ಮುರಿದಿದೆ. ಒಬ್ಬ ಮೆಕ್ಯಾನಿಕ್ ವೆಲ್ಡ್ ಮಾಡಿ ಅಂತಾರೆ. ಇನ್ನೊಬ್ಬರು ಅಲ್ಯೂಮಿನಿಯಂ ವೆಲ್ಡ್ ಆಗೋದೇ ಇಲ್ಲ, ಐದು ಗೇರಿನ ಬೇರೆ ಗೇರ್‌ಬಾಕ್ಸ್ ಹಾಕಿ ಅಂತಾರೆ. ಸ್ನೇಹಿತ ಎಪಾಕ್ಸಿ ಅಂಟು ಹಚ್ಚಿದರೆ ಸಾಕು ಅಂದ. ಈಗ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಖಾಲಿ ಹೌಸಿಂಗ್ ಒಂದು ಸಿಗುವ ಹಾಗಿದೆ. ನನ್ನ ಗೇರುಗಳನ್ನು ಅದಕ್ಕೆ ಹಾಕಿಸಬಹುದೇ? ಅದರ ಮೇಲಿನ ನಂಬರ್ ಬೇರೆ ಇದೆ, ಕಾರಿನ ಬೆಲೆ ಇಳಿಯುತ್ತದೆಯೇ?

ಉತ್ತರ: ನೀವು ಕೇಳಿದ್ದು ಬಿರುಕಿನ ಬಗ್ಗೆ. ನನ್ನ ಕಣ್ಣು ನಿಂತದ್ದು ಬೇರೆ ಎರಡು ಮಾತಿನ ಮೇಲೆ. ಟಾಪ್ ಗೇರಿನಲ್ಲಿ ಸದ್ದಿರಲಿಲ್ಲ ಅನ್ನುವುದು ಒಂದು. ವರ್ಷದ ಹಿಂದೆ ಕ್ಲಚ್ ಬದಲಿಸಿದ್ದು ಇನ್ನೊಂದು. ಬಿರುಕಿಗೆ ಕಾರಣ ಈ ಎರಡರಲ್ಲೇ ಇರುವ ಸಾಧ್ಯತೆ ಜಾಸ್ತಿ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಬೇರೆ ಹೌಸಿಂಗ್ ಹಾಕಿಸುವ ನಿಮ್ಮ ಯೋಚನೆ ಸರಿಯಿದೆ. ನೀವು ಹೇಳಿದ ಜಾಗದಲ್ಲಿ ಬಿರುಕಿದ್ದರೆ ನಾನು ವೆಲ್ಡ್ ಮಾಡಿಸುವುದಿಲ್ಲ. ಅಂಟಿನ ಮಾತಂತೂ ಬೇಡವೇ ಬೇಡ. ಆದರೆ ಹಳೇ ಹೌಸಿಂಗ್ ಯಾಕೆ ಒಡೆಯಿತು ಅಂತ ತಿಳಿಯುವ ತನಕ ಹೊಸದಕ್ಕೆ ದುಡ್ಡು ಕೊಡಬೇಡಿ. ಅದನ್ನು ಒಡೆದದ್ದು ಇದನ್ನೂ ಒಡೆಯುತ್ತದೆ.

ಹೌಸಿಂಗ್ ಅಂದರೆ ಆಯಿಲ್ ತುಂಬಿಡುವ ಡಬ್ಬಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಮ್ಮ ಸ್ನೇಹಿತರೂ ಹಾಗೇ ಅಂದುಕೊಂಡಿರಬೇಕು. ಸೋರುವುದು ನಿಂತರೆ ಸಾಕು ಅಂತಿದ್ದರೆ ಅಂಟೇ ಸಾಕಾಗುತ್ತಿತ್ತು. ಆದರೆ ಹೌಸಿಂಗಿನ ನಿಜವಾದ ಕೆಲಸ ಶಾಫ್ಟ್‌ಗಳನ್ನು ಅಲ್ಲಾಡದ ಹಾಗೆ ಹಿಡಿದಿಡುವುದು. ಎರಡು ಗೇರುಗಳು ಕಚ್ಚಿಕೊಂಡು ತಿರುಗುವಾಗ ಒಂದು ಇನ್ನೊಂದನ್ನು ತಿರುಗಿಸುವುದಷ್ಟೇ ಅಲ್ಲ, ದೂರಕ್ಕೂ ತಳ್ಳುತ್ತದೆ. ಹಲ್ಲಿನ ಇಳಿಜಾರು 20 ಡಿಗ್ರಿ ಇದ್ದರೆ, ತಿರುಗಿಸುವ ಬಲದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಲ ಶಾಫ್ಟ್‌ಗಳನ್ನು ಬೇರೆ ಮಾಡುವುದಕ್ಕೇ ಹೋಗುತ್ತದೆ. ಕೆಳಗಿನ ಗೇರುಗಳಲ್ಲಿ ಹಲ್ಲಿನ ಮೇಲಿನ ಬಲವೇ ಜಾಸ್ತಿ, ಅಂದರೆ ಈ ತಳ್ಳುವಿಕೆಯೂ ಜಾಸ್ತಿ. ಇದನ್ನೆಲ್ಲ ತಡೆದುಕೊಳ್ಳುವುದು ಎರಡು ಬೇರಿಂಗ್ ತೂತುಗಳ ನಡುವಿನ ಒಂದಿಷ್ಟು ಅಲ್ಯೂಮಿನಿಯಂ. ನಿಮ್ಮ ಬಿರುಕು ಹೊರಟಿರುವುದೂ ಅಲ್ಲಿಂದಲೇ.

ಈಗ ಟಾಪ್ ಗೇರಿನ ವಿಷಯಕ್ಕೆ ಬರೋಣ. ನಿಮ್ಮಂಥ ಗೇರ್‌ಬಾಕ್ಸ್‌ನಲ್ಲಿ ನಾಲ್ಕನೇ ಗೇರ್ ಅಂದರೆ ನಡುವೆ ಗೇರೇ ಇಲ್ಲದ ಹಾಗೆ. ಎಂಜಿನ್ ಕಡೆಯ ಶಾಫ್ಟು, ಹಿಂದಿನ ಮೇನ್ ಶಾಫ್ಟು ನೇರವಾಗಿ ಜೋಡಿಯಾಗುತ್ತವೆ. ಲೇ ಗೇರ್, ಅಂದರೆ ಅವೆರಡರ ಕೆಳಗೆ ಲೇ ಶಾಫ್ಟ್ ಅನ್ನುವ ಬೇರೆ ಶಾಫ್ಟಿನ ಮೇಲೆ ಸುತ್ತುವ ಗೇರುಗಳ ಗೊಂಚಲು, ಸುಮ್ನೆ ಸುತ್ತುತ್ತಿರುತ್ತದೆ, ಭಾರ ಹೊರುವುದಿಲ್ಲ. ಉಳಿದ ಮೂರು ಗೇರಿನಲ್ಲಿ ಎಂಜಿನ್ನಿನ ಅಷ್ಟೂ ಬಲ ಅದರ ಮೂಲಕವೇ ಹಾಯಬೇಕು. ಹಾಗಾಗಿ ಒಂದು, ಎರಡು, ಮೂರರಲ್ಲಿ ಸದ್ದು ಇದ್ದು ನಾಲ್ಕರಲ್ಲಿ ನಿಂತರೆ ನಾನು ಮೊದಲು ನೋಡುವುದು ಲೇ ಗೇರ್ ಒಳಗಿನ ಸೂಜಿ ಬೇರಿಂಗ್. ಅದು ಸವೆದರೆ ಲೇ ಗೇರ್ ಓರೆಯಾಗಿ ಕೂರುತ್ತದೆ. ಹಲ್ಲಿನ ಪೂರ್ತಿ ಅಗಲ ಕಚ್ಚುವ ಬದಲು ಒಂದು ತುದಿಯಷ್ಟೇ ಕಚ್ಚುತ್ತದೆ. ಒಂದು ದಿನ ಆ ತುದಿ ಮುರಿಯುತ್ತದೆ. ಮುರಿದ ಚೂರು ಎರಡು ಗೇರುಗಳ ನಡುವೆ ಸಿಕ್ಕಿಕೊಂಡರೆ ಗೇರುಗಳಿಗೆ ದೂರ ಸರಿಯದೆ ದಾರಿ ಇಲ್ಲ. ಸರಿಯುವುದಕ್ಕೆ ಜಾಗ ಇಲ್ಲ. ಹೌಸಿಂಗ್ ಸೀಳಿಕೊಳ್ಳುತ್ತದೆ. ಏರಿನಲ್ಲಿ, ಸೆಕೆಂಡ್ ಗೇರಿನಲ್ಲಿ ಕೇಳಿದ ಆ ಟಕ್ ಅದೇ ಇರಬೇಕು.

ಹೊರಗಿನಿಂದ ಇಷ್ಟು ಹೇಳಬಲ್ಲೆ. ನೀವು ಒಳಗೆ ನೋಡಿ. ಹೌಸಿಂಗಿನ ತಳದಲ್ಲಿ ಉಳಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಸೋಸಿ. ತ್ರಿಕೋನದಂಥ, ಒಂದು ಮುಖ ಹೊಳೆಯುವ ಗಟ್ಟಿ ಚೂರು ಸಿಕ್ಕರೆ ಅದು ಹಲ್ಲು. ಆಯಿಸ್ಕಾಂತಕ್ಕೆ ಅಂಟದ ಹಳದಿ ಪುಡಿ ಸಿಂಕ್ರೋ ರಿಂಗಿನದು, ಅಂದರೆ ಗೇರ್ ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆ ಬಳೆಯದು. ಪೆನ್ಸಿಲ್ ಸೀಸದಷ್ಟು ದಪ್ಪದ ಸಣ್ಣ ಕಡ್ಡಿಗಳು ಸಿಕ್ಕರೆ ಅವೇ ಸೂಜಿ ಬೇರಿಂಗಿನ ರೋಲರ್. ಲೇ ಶಾಫ್ಟನ್ನು ಹೊರಗೆ ತೆಗೆದು ಉಗುರು ಆಡಿಸಿ. ರೋಲರ್ ಓಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ, ಮೇಲಿನ ಗಟ್ಟಿ ಪದರ ಎದ್ದು ಗುಳಿ ಬಿದ್ದಿದೆ ಅಂತ.

ಮುರಿದ ಕಿವಿಯದು ಬೇರೆ ಕತೆ ಅನ್ನಿಸುತ್ತದೆ. ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಇಳಿಸಿ ಏರಿಸಿರುತ್ತಾರೆ. ಏರಿಸುವಾಗ ಕೆಳಗೆ ಜಾಕ್ ಆಸರೆ ಇಲ್ಲದೆ ನೇತಾಡಲು ಬಿಟ್ಟರೆ, ಅಷ್ಟೂ ತೂಕ ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ಮೇಲೆ ಬೀಳುತ್ತದೆ. ಇಲ್ಲವೇ ಹೌಸಿಂಗ್ ಪೂರ್ತಿ ಕೂರುವ ಮೊದಲೇ ಬೋಲ್ಟ್ ಬಿಗಿದು ಎಳೆದರೆ, ಎಳೆದ ಕಿವಿ ಮುರಿಯುತ್ತದೆ. ಅವತ್ತೇ ಮುರಿಯಬೇಕೆಂದಿಲ್ಲ. ಕೂದಲೆಳೆಯ ಬಿರುಕು ಬಿಟ್ಟು ಒಂದು ವರ್ಷ ಕಾಯಲೂಬಹುದು. ಮುರಿದ ಮುಖ ನೋಡಿ. ಅರ್ಧ ಭಾಗ ಆಯಿಲ್ ಕುಡಿದು ಕಪ್ಪಾಗಿ, ಉಳಿದರ್ಧ ಸಕ್ಕರೆಯಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ಕಪ್ಪು ಭಾಗ ಹಳೇ ಗಾಯ. ಹಾಗೇ ಎಂಜಿನ್ನಿನ ಹಿಂಬದಿಯಲ್ಲಿ ಎರಡು ಡೋವೆಲ್ ಪಿನ್ ಇವೆಯಾ ನೋಡಿ. ಬೋಲ್ಟ್‌ಗಳು ಹೌಸಿಂಗನ್ನು ಬಿಗಿಯುತ್ತವೆ ಅಷ್ಟೇ, ನಡುಮಧ್ಯಕ್ಕೆ ತಂದು ಕೂರಿಸುವುದು ಈ ಪಿನ್‌ಗಳು. ಕೆಲಸ ಸಲೀಸಾಗಲಿ ಅಂತ ಇವನ್ನು ತೆಗೆದು ಬಿಸಾಡಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಇನ್ನು ವೆಲ್ಡಿಂಗ್. ಅಲ್ಯೂಮಿನಿಯಂ ವೆಲ್ಡ್ ಆಗಲ್ಲ ಅನ್ನುವುದು ಸುಳ್ಳು. ಈ ಮಾತು ಹುಟ್ಟಿದ್ದು ಯಾಕೆ ಅಂದರೆ, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಮಾಮೂಲಿ ಗ್ಯಾಸ್ ಜ್ವಾಲೆ ಹಿಡಿದರೆ ಪೊರೆ ಹಾಗೇ ಇರುತ್ತದೆ, ಒಳಗಿನ ಲೋಹ ನೀರಾಗಿ ಕುಸಿಯುತ್ತದೆ. ಎಸಿ ಕರೆಂಟಿನ ಟಿಗ್ ವೆಲ್ಡಿಂಗ್ ಆ ಪೊರೆಯನ್ನು ಒಡೆಯುತ್ತಾ ಹೋಗುತ್ತದೆ, ಹಾಗಾಗಿ ಚೆನ್ನಾಗಿಯೇ ಬೆಸುಗೆ ಕೂರುತ್ತದೆ. ತೊಂದರೆ ಬೇರೆ ಇದೆ. ಅರವತ್ತು ವರ್ಷ ಬಿಸಿ ಆಯಿಲ್ ಕುಡಿದ ಎರಕ ಅದು. ಮೇಲೆ ಎಷ್ಟು ಉಜ್ಜಿ ತೊಳೆದರೂ ರಂಧ್ರಗಳಲ್ಲಿ ಆಯಿಲ್ ಉಳಿದಿರುತ್ತದೆ. ಕಾವು ತಗುಲಿದ್ದೇ ತಡ, ಕಪ್ಪು ಗುಳ್ಳೆ ಎದ್ದು ಬೆಸುಗೆ ಸ್ಪಂಜಿನ ಹಾಗಾಗುತ್ತದೆ. ಒಳ್ಳೆಯ ವೆಲ್ಡರ್ ಇಡೀ ಹೌಸಿಂಗನ್ನು ಓವನ್ನಿನಲ್ಲಿ ಕಾಯಿಸಿ ಆಯಿಲ್ ಹೊರಡಿಸುತ್ತಾರೆ, ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆಯುತ್ತಾರೆ, ಬಿರುಕನ್ನು ವಿ ಆಕಾರಕ್ಕೆ ತೆಗೆದು ಆಮೇಲೆ ತುಂಬುತ್ತಾರೆ. ಅಷ್ಟೆಲ್ಲ ಮಾಡಿದರೂ ಬೆಸುಗೆ ಆರುವಾಗ ಕುಗ್ಗುತ್ತದೆ, ಸುತ್ತಲಿನ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ. ಬೇರಿಂಗ್ ತೂತು ಪಕ್ಕದಲ್ಲೇ ಇದ್ದರೆ ಅದು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಆಗ ಆ ತೂತನ್ನು ಮತ್ತೆ ಬೋರ್ ಮಾಡಿ, ಸ್ಲೀವ್ ಹಾಕಿ, ಹಿಂದಿನ ತೂತಿನ ನೇರಕ್ಕೆ ತರಬೇಕು. ಅದು ಆಗದ ಕೆಲಸವಲ್ಲ. ಬೇರೆ ಹೌಸಿಂಗ್ ಎಲ್ಲೂ ಸಿಗದ ಅಪರೂಪದ ಕಾರಾಗಿದ್ದರೆ ಅದನ್ನೇ ಮಾಡಿಸಿ ಅನ್ನುತ್ತಿದ್ದೆ. ನಿಮಗೆ ಹೌಸಿಂಗ್ ಸಿಗುತ್ತಿದೆಯಲ್ಲ.

ಬರೀ ಕಿವಿ ಮುರಿದಿದ್ದರೆ? ಕಣ್ಣು ಮುಚ್ಚಿಕೊಂಡು ವೆಲ್ಡ್ ಮಾಡಿಸಿ ಅನ್ನುತ್ತಿದ್ದೆ. ಬೇರಿಂಗಿನಿಂದ ದೂರ ಇದೆ, ಕೊನೆಗೆ ಮುಖವನ್ನು ಸಮ ಮಾಡಿಕೊಂಡರೆ ಮುಗಿಯಿತು. ಡ್ರೈನ್ ಪ್ಲಗ್ ಸುತ್ತ ಬಿಟ್ಟ ಬಿರುಕಿಗೂ ಅದೇ ಮಾತು.

ಒಂದು ಎಚ್ಚರಿಕೆ, ಇದು ನಿಮಗಿಂತ ಇದನ್ನು ಓದುವ ಬೇರೆಯವರಿಗೆ. ಹಳೇ ಕಾರುಗಳ ಬೆಳ್ಳನೆಯ ಹೌಸಿಂಗೆಲ್ಲ ಅಲ್ಯೂಮಿನಿಯಂ ಅಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ಗೇರ್‌ಬಾಕ್ಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದರ ಪುಡಿಗೆ ಕಿಡಿ ತಗುಲಿದರೆ ಕಣ್ಣು ಕೋರೈಸುವ ಹಾಗೆ ಉರಿಯುತ್ತದೆ. ನೀರು ಹಾಕಿದರೆ ಇನ್ನೂ ಜೋರಾಗುತ್ತದೆ, ಒಣ ಮರಳೇ ಗತಿ. ಸಂಶಯ ಇದ್ದರೆ ಒಳಗಡೆ ಒಂದು ಮೂಲೆ ಕೆರೆದು ಹೊಸ ಲೋಹ ಕಾಣಿಸಿ, ಒಂದು ಹನಿ ಬಿಳಿ ವಿನೆಗರ್ ಬಿಡಿ. ಕೂಡಲೇ ನೊರೆ ಎದ್ದರೆ ಮೆಗ್ನೀಸಿಯಂ. ಅಲ್ಯೂಮಿನಿಯಂ ಸುಮ್ಮನಿರುತ್ತದೆ.

ಐದು ಗೇರಿನ ಸಲಹೆ ಕೆಟ್ಟದ್ದೇನಲ್ಲ. ಹೈವೇಯಲ್ಲಿ ಎಂಜಿನ್ ಹಗುರಾಗಿ ಓಡುತ್ತದೆ. ಆದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಹಿಂದಿನ ಮೌಂಟ್, ಕ್ಲಚ್ ಪ್ಲೇಟಿನ ಸ್ಪ್ಲೈನ್, ಸ್ಪೀಡೋಮೀಟರ್ ಕೇಬಲ್, ಗೇರ್ ಲಿವರ್ ಹೊರಬರುವ ತೂತು ಎಲ್ಲವೂ ಬದಲಾಗಬಹುದು. ಫ್ಲೋರಿನ ಸುರಂಗ ಕತ್ತರಿಸಬೇಕು ಅಂದರೆ ಬೇಡ ಅನ್ನಿ. ಅಪ್ಪನ ಕಾರು ಅಂದಿರಿ, ನಾನಾಗಿದ್ದರೆ ಕತ್ತರಿಸುತ್ತಿರಲಿಲ್ಲ.

ಈಗ ಮುಖ್ಯ ವಿಷಯ, ನಿಮಗೆ ಸಿಗುತ್ತಿರುವ ಹೌಸಿಂಗ್. ಒಂದೇ ಮಾಡೆಲ್ ಅಂದ ಮಾತ್ರಕ್ಕೆ ಕೂರುತ್ತದೆ ಅಂದುಕೊಳ್ಳಬೇಡಿ. ಒಂದೇ ಹೆಸರಿನ ಕಾರಿಗೆ ನಡುವೆ ಫಸ್ಟ್ ಗೇರಿಗೂ ಸಿಂಕ್ರೋ ಬಂದಿರುತ್ತದೆ, ಬೇರಿಂಗ್ ದೊಡ್ಡದಾಗಿರುತ್ತದೆ, ರಿವರ್ಸ್ ಲೈಟಿನ ಸ್ವಿಚ್‌ಗೆ ತೂತು ಸೇರಿರುತ್ತದೆ. ಹೊರಗಿನಿಂದ ಎರಡೂ ಅವಳಿ ಮಕ್ಕಳ ಹಾಗೆ. ಹಾಗಾಗಿ ಕೆತ್ತಿದ ನಂಬರಿಗಿಂತ ಎರಕದಲ್ಲೇ ಉಬ್ಬಿ ಬಂದಿರುವ ನಂಬರನ್ನು ಹೋಲಿಸಿ. ಕೆತ್ತಿದ್ದು ಆ ಒಂದು ಗೇರ್‌ಬಾಕ್ಸಿನದು, ಉಬ್ಬಿದ್ದು ಆ ಅಚ್ಚಿನದು. ಉಬ್ಬಿದ ನಂಬರ್ ಬೇರೆ ಇದ್ದರೆ ಪ್ರತಿಯೊಂದು ತೂತನ್ನೂ ಅಳೆದು ನೋಡದೆ ಕೊಳ್ಳಬೇಡಿ.

ನಂಬರ್ ಸರಿ ಇದ್ದರೆ ಬೇರಿಂಗ್ ತೂತಿಗೆ ಟಾರ್ಚ್ ಬಿಡಿ. ಆರೋಗ್ಯವಾಗಿರುವ ತೂತಿನ ಗೋಡೆ ಮಬ್ಬು ಬೂದು ಬಣ್ಣ, ಯಂತ್ರ ಕೊರೆದ ಸಣ್ಣ ಗೆರೆಗಳು ಇನ್ನೂ ಕಾಣುತ್ತವೆ. ಕನ್ನಡಿಯಂತೆ ಹೊಳೆಯುವ ಪಟ್ಟಿ ಕಂಡರೆ ಬೇರಿಂಗ್ ಒಳಗೆ ಸುತ್ತಿದೆ ಅಂತ ಅರ್ಥ. ಪಟ್ಟಿಯ ಅಂಚಿನಲ್ಲಿ ಉಗುರಿಗೆ ಮೆಟ್ಟಿಲು ಸಿಕ್ಕರೆ ವಾಪಸ್ ಕೊಡಿ. ಇನ್ನು ಕೆಲವು ತೂತಿನ ಗೋಡೆಯಲ್ಲಿ ಪಂಚಿನಿಂದ ಹೊಡೆದ ಚುಕ್ಕೆಗಳ ಸಾಲು ಇರುತ್ತದೆ. ಸಡಿಲವಾದ ಬೇರಿಂಗನ್ನು ಬಿಗಿ ಮಾಡಲು ಹಿಂದೆ ಯಾರೋ ಮಾಡಿದ ಉಪಾಯ. ಆ ಚುಕ್ಕೆಗಳ ತುದಿ ಬೇಗ ಸವೆದು ಹೋಗುತ್ತದೆ, ಸಡಿಲ ಹಾಗೇ ಉಳಿಯುತ್ತದೆ.

ಕಣ್ಣಿಗೆ ಸರಿ ಕಂಡರೂ ಬೋರ್ ಗೇಜಿನಿಂದ ಅಳೆಸಿ. ಒಂದೇ ತೂತನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆದರೆ ಮೊಟ್ಟೆಯಾಗಿದೆಯಾ ಅಂತ ಗೊತ್ತಾಗುತ್ತದೆ. ಅಷ್ಟು ನಿಖರ ಯಾಕೆ ಬೇಕು ಅಂತ ಕೇಳಬಹುದು. ಲೆಕ್ಕ ನೋಡಿ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 6306 ನಂಬರಿನ ಬೇರಿಂಗ್ ತಗೊಳ್ಳಿ, ಅದರ ಹೊರ ಅಳತೆ 72 ಮಿ.ಮೀ. ಗೇರ್‌ಬಾಕ್ಸ್ 20 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ, ತೂತು ಬೇರಿಂಗಿಗಿಂತ ಸುಮಾರು 0.06 ಮಿ.ಮೀ. ಜಾಸ್ತಿ ದೊಡ್ಡದಾಗಿರುತ್ತದೆ. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ತಣ್ಣಗಿದ್ದಾಗ ಬೇರಿಂಗ್ ಕೈಯಲ್ಲಿ ಒತ್ತಿದರೆ ಸಲೀಸಾಗಿ ಜಾರಿಹೋಗುವ ತೂತು, ಬಿಸಿಯಾದಾಗ ಬೇರಿಂಗನ್ನು ಹಿಡಿಯುವುದೇ ಇಲ್ಲ. ಬೇರಿಂಗ್ ಅಂಟು ಹಾಕಿ ಸ್ವಲ್ಪ ಸಡಿಲವನ್ನು ತುಂಬಬಹುದು, ನಾನೂ ಹಾಕುತ್ತೇನೆ. ಮೆಟ್ಟಿಲು ಬಿದ್ದ ತೂತಿಗೆ ಅದು ಮದ್ದಲ್ಲ.

ಲೇ ಶಾಫ್ಟ್ ಕೂರುವ ಎರಡು ಸಣ್ಣ ತೂತುಗಳನ್ನು ಜನ ಮರೆಯುತ್ತಾರೆ. ನಿಮ್ಮ ಹಳೇ ಹೌಸಿಂಗ್‌ನಲ್ಲಿ ತೊಂದರೆ ಶುರುವಾದದ್ದೇ ಅಲ್ಲಿರಬಹುದು, ಹೊಸದರಲ್ಲಿ ಅದನ್ನೇ ಮೊದಲು ನೋಡಿ. ಶಾಫ್ಟ್ ತೂರಿಸಿ ಅಲ್ಲಾಡಿಸಿ, ಕೈಗೆ ಪ್ಲೇ ಸಿಗಬಾರದು. ಕೊನೆಗೆ ಬಿರುಕಿನ ಪರೀಕ್ಷೆ. ಚೆನ್ನಾಗಿ ತೊಳೆದು ಕೆಂಪು ಡೈ ಸ್ಪ್ರೇ ಮಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಪೆನ್ನಿನಲ್ಲಿ ಎಳೆದ ಹಾಗೆ ಗೆರೆ ಮೂಡುತ್ತದೆ. ಕಿವಿಗಳ ಬುಡ, ಎರಡು ತೂತುಗಳ ನಡುವಿನ ಜಾಗ, ಡ್ರೈನ್ ಪ್ಲಗ್ ಸುತ್ತ ಇದನ್ನು ಮಾಡಿಸಿ. ಬೋಲ್ಟ್ ತೂತಿನ ಥ್ರೆಡ್ ಹೋಗಿದ್ದರೆ ಯೋಚನೆ ಬೇಡ, ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿದರೆ ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಗೇರುಗಳನ್ನು ವರ್ಗಾಯಿಸುವ ಕೆಲಸ ಗೇರ್‌ಬಾಕ್ಸ್ ಗೊತ್ತಿರುವವರಿಗೇ ಕೊಡಿ, ನೀವು ಪಕ್ಕದಲ್ಲಿ ನಿಂತಿರಿ. ಗೇರ್ ಸೆಲೆಕ್ಟರ್ ರಾಡ್ ಎಳೆಯುವಾಗ ಒಳಗಿನ ಸಣ್ಣ ಗುಂಡು, ಸ್ಪ್ರಿಂಗ್ ಗುಂಡಿನ ವೇಗದಲ್ಲಿ ಹಾರುತ್ತವೆ. ತೂತಿನ ಬಾಯಿಗೆ ಬಟ್ಟೆ ಹಿಡಿದುಕೊಂಡರೆ ಅರ್ಧ ದಿನ ನೆಲ ಗುಡಿಸುವುದು ತಪ್ಪುತ್ತದೆ. ಸಿಂಕ್ರೋ ರಿಂಗುಗಳು ಯಾವ ಗೇರಿನಲ್ಲಿದ್ದವೋ ಅದಕ್ಕೇ ವಾಪಸ್ ಹೋಗಬೇಕು, ಬಿಚ್ಚುವಾಗಲೇ ಗುರುತು ಮಾಡಿಸಿ. ಹೌಸಿಂಗನ್ನು ಓವನ್ನಿನಲ್ಲಿ 100 ಡಿಗ್ರಿ ಸುಮಾರಿಗೆ ಬಿಸಿ ಮಾಡಿ, ಬೇರಿಂಗನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಸುತ್ತಿಗೆಯೇ ಬೇಡ. ಬಿಟ್ಟ ಕೂಡಲೇ ಟೊಣ್ ಅಂತ ತಳ ಮುಟ್ಟುತ್ತದೆ. ಒಂದೇ ಜಾಗಕ್ಕೆ ಗ್ಯಾಸ್ ಜ್ವಾಲೆ ಹಿಡಿಯಲು ಬಂದರೆ ತಡೆಯಿರಿ.

ಇಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ. ಹಳೇ ಹೌಸಿಂಗ್‌ನಲ್ಲಿದ್ದ ಶಿಮ್‌ಗಳನ್ನು, ಅಂದರೆ ಸಂದು ತುಂಬುವ ತೆಳು ಬಿಲ್ಲೆಗಳನ್ನು, ಹಾಗೇ ಹೊಸದಕ್ಕೆ ಹಾಕುವುದು. ಶಿಮ್ ಇರುವುದೇ ಒಂದೊಂದು ಹೌಸಿಂಗಿನ ಆಳದ ವ್ಯತ್ಯಾಸ ತುಂಬಲು. ಹೌಸಿಂಗ್ ಬದಲಾದರೆ ಲೇ ಗೇರ್‌ನ ಎಂಡ್ ಪ್ಲೇ (ಹಿಂದೆ ಮುಂದೆ ಆಡುವ ಸಡಿಲ), ಮುಂದಿನ ಕವರ್ ಒಳಗಿನ ಶಿಮ್ ಎಲ್ಲವನ್ನೂ ಮತ್ತೆ ಅಳೆಯಲೇಬೇಕು. ಕಾಗದದ ಪ್ಯಾಕಿಂಗ್ ಕೂಡ ಈ ಲೆಕ್ಕದಲ್ಲಿ ಸೇರಿದೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಶುರುವಿನ ದಿನಗಳಲ್ಲಿ ಒಂದು ಗೇರ್‌ಬಾಕ್ಸ್‌ಗೆ ಪ್ಯಾಕಿಂಗ್ ಬದಲು ಟ್ಯೂಬಿನ ಸೀಲೆಂಟ್ ಹಚ್ಚಿದೆ, ಸೋರದಿರಲಿ ಅಂತ. ಬೋಲ್ಟ್ ಬಿಗಿದ ಮೇಲೆ ಶಾಫ್ಟ್ ಕೈಯಲ್ಲಿ ತಿರುಗಲೇ ಇಲ್ಲ. ಕಾಲು ಮಿ.ಮೀ. ದಪ್ಪದ ಕಾಗದ ಹೋದದ್ದಕ್ಕೆ ಇದ್ದ ಅಷ್ಟೂ ಪ್ಲೇ ಮಾಯವಾಗಿ ಬೇರಿಂಗ್ ಒತ್ತಿಕೊಂಡಿತ್ತು. ಎಲ್ಲವನ್ನೂ ಮತ್ತೆ ಬಿಚ್ಚಿದೆ. ನಿಮ್ಮ ಕಾರಿಗೆ ಕಂಪನಿ ಕಾಗದ ಕೊಟ್ಟಿದ್ದರೆ ಅದೇ ದಪ್ಪದ ಕಾಗದವನ್ನೇ ಹಾಕಿಸಿ.

ಲೇ ಶಾಫ್ಟ್, ಅದರ ಸೂಜಿ ಬೇರಿಂಗ್, ಥ್ರಸ್ಟ್ ವಾಷರ್, ಆಯಿಲ್ ಸೀಲ್‌ಗಳನ್ನು ನೋಡುವುದೂ ಬೇಡ, ಹೊಸದೇ ಹಾಕಿ. ಹಲ್ಲು ಮುರಿದ ಗೇರಿದ್ದರೆ ಅದಕ್ಕೆ ಕಚ್ಚುವ ಜೊತೆ ಗೇರನ್ನೂ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಕೂಡಿಸಿದರೆ ಹಳೇ ಸದ್ದು ಹೋಗಿ ಹೊಸ ಸದ್ದು ಬರುತ್ತದೆ ಅಷ್ಟೇ.

ಎಂಜಿನ್‌ಗೆ ಜೋಡಿಸುವ ಮೊದಲು ಇನ್ನೊಂದು ಅಳತೆ. ಬರೀ ಹೌಸಿಂಗನ್ನು, ಗೇರುಗಳನ್ನು ತುಂಬುವ ಮೊದಲೇ, ಡೋವೆಲ್ ಪಿನ್ ಮೇಲೆ ಎಂಜಿನ್‌ಗೆ ಬಿಗಿದು, ಫ್ಲೈವೀಲ್‌ಗೆ ಡಯಲ್ ಗೇಜ್ ಕೂರಿಸಿ, ಮುಳ್ಳನ್ನು ಮುಂದಿನ ಬೇರಿಂಗ್ ತೂತಿಗೆ ತಾಗಿಸಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಒಟ್ಟು 0.13 ಮಿ.ಮೀ. ಒಳಗೆ ಆಡಿದರೆ ಸಾಮಾನ್ಯವಾಗಿ ಒಪ್ಪಬಹುದು. ಜಾಸ್ತಿ ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುಮಧ್ಯ ಕೂಡಿಲ್ಲ ಅಂತ. ಹಾಗೇ ಬಿಟ್ಟರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ. ತುಂಬಾ ಮೆಕ್ಯಾನಿಕ್‌ಗಳು ಇದನ್ನು ಮಾಡುವುದಿಲ್ಲ. ನೀವು ಕೇಳಿ ಮಾಡಿಸಿ, ಮುಖ ಸಿಂಡರಿಸಿದರೂ ಪರವಾಗಿಲ್ಲ.

ನಂಬರ್ ವಿಷಯ ಸರಳ. ಸಾಮಾನ್ಯವಾಗಿ ಕಾಗದಪತ್ರದಲ್ಲಿ ಇರುವುದು ಛಾಸಿ ನಂಬರು, ಎಂಜಿನ್ ನಂಬರು. ಗೇರ್‌ಬಾಕ್ಸ್ ನಂಬರ್ ಇದೆಯಾ ಅಂತ ನಿಮ್ಮ ಕಾಗದ ತೆಗೆದು ನೋಡಿ. ಫ್ಯಾಕ್ಟರಿಯಿಂದ ಬಂದ ಎಲ್ಲ ಭಾಗವೂ ಇರಲೇಬೇಕು ಅನ್ನುವ ಕೊಳ್ಳುವವರಿಗೆ ಇದರಿಂದ ವ್ಯತ್ಯಾಸ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹೊಸ ಹೌಸಿಂಗಿನ ನಂಬರ್ ಉಜ್ಜಿ ಹಳೇದನ್ನು ಕೆತ್ತಿಸಬೇಡಿ. ಅದು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ, ಆಮೇಲೆ ಇಡೀ ಕಾರನ್ನೇ ಸಂಶಯದಿಂದ ನೋಡುತ್ತಾರೆ. ಒಡೆದ ಹೌಸಿಂಗನ್ನು ಗುಜರಿಗೆ ಹಾಕದೆ ಒರೆಸಿ, ಚೀಟಿ ಕಟ್ಟಿ ಇಟ್ಟುಕೊಳ್ಳಿ. ಮುಂದೆ ಯಾರಿಗಾದರೂ ಅದನ್ನೇ ಬೋರ್ ಮಾಡಿಸಿ ಹಾಕಿಕೊಳ್ಳುವ ಹಂಬಲ ಬರಬಹುದು.

ಆಯಿಲ್ ನಿಮ್ಮ ಕಾರಿನ ಪುಸ್ತಕ ಹೇಳಿದ್ದನ್ನೇ ಹಾಕಿ. ಸದ್ದು ಅಡಗಲಿ ಅಂತ ದಪ್ಪ ಆಯಿಲ್ ಬೇಡ. ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳುವ ಕಡೆ ಜಿಎಲ್-5 ದರ್ಜೆಯದು ಹಾಕುವುದೂ ಬೇಡ. ಅದರಲ್ಲಿ ಕೆಲವು ಹಿತ್ತಾಳೆ ಸಿಂಕ್ರೋ ರಿಂಗಿಗೆ ಒಗ್ಗುವುದಿಲ್ಲ, ಗೇರ್ ಬೀಳುವಾಗ ಕರಕರ ಅನ್ನುತ್ತದೆ. ಮೊದಲ 500 ಕಿ.ಮೀ. ಏರಿನಲ್ಲಿ ಎಳೆಸದೆ ನಿಧಾನ ಓಡಿಸಿ, ಆಮೇಲೆ ಆಯಿಲ್ ಬಿಸಿಯಿರುವಾಗಲೇ ಇಳಿಸಿ ಆಯಿಸ್ಕಾಂತದಿಂದ ಜಾಲಿಸಿ ನೋಡಿ. ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಹೊಸ ಭಾಗಗಳು ಹೊಂದಿಕೊಳ್ಳುತ್ತಿವೆ, ಹೊಸ ಆಯಿಲ್ ತುಂಬಿ ಓಡಿಸಿ. ಬೆರಳಿನ ನಡುವೆ ತಿಕ್ಕಿದಾಗ ಚುಚ್ಚುವ ಚೂರು ಸಿಕ್ಕರೆ ಕಾರನ್ನು ಅಲ್ಲೇ ನಿಲ್ಲಿಸಿ. ಆ ಚೂರಿನ ಫೋಟೋ ಒಂದು ಕಳಿಸಿ, ಯಾವ ಭಾಗದ್ದು ಅಂತ ನೋಡಿ ಹೇಳುತ್ತೇನೆ.